ಬೆಂಕಿ ಆರಿದ ಮೇಲೆ



ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಬಿಸಿಲು ಏರುತ್ತದೆ. ಯುಗಾದಿ ಹೊತ್ತಿಗೆ ನೆಲ ಕಾದ ಹಂಚಿನಂತೆ ಆಗುತ್ತದೆ. ಹೊಲದ ಬದುವಿನ ಹುಲ್ಲು ಒಣಗುತ್ತದೆ. ಗುಡ್ಡದ ಹುಲ್ಲೂ ಒಣಗುತ್ತದೆ. ಆಗ ಒಂದು ಕಿಡಿ ಬಿದ್ದರೂ ಸಾಕು. ಗಾಳಿ ಅದನ್ನು ಹೊತ್ತು ಒಯ್ಯುತ್ತದೆ.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆ ಆಯಿತು. ಆಗ ನಮಗೆ ನಾಲ್ಕು ತಾಲೂಕು ಇದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳು ಆಗಿವೆ. ಗಂಗಾವತಿ ಕಡೆ ತುಂಗಭದ್ರಾ ಕಾಲುವೆಯ ನೀರು ಇದೆ. ಅಲ್ಲಿ ಭತ್ತದ ಹುಲ್ಲಿನ ಬಣವಿ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಬೇಸಾಯ. ಅಲ್ಲಿ ಜೋಳದ ಸೊಪ್ಪಿ, ಶೇಂಗಾದ ಹೊಟ್ಟು. ಬೆಂಕಿಗೆ ಎರಡೂ ಒಂದೇ.

ಬೆಂಕಿ ಆರಿಸಲು ಊರೆಲ್ಲ ಓಡಿ ಬರುತ್ತದೆ. ಕೊಡಪಾನ, ಬಕೀಟು ಹಿಡಿದು ನೀರು ಹಾಕುತ್ತಾರೆ. ಬೆಂಕಿ ಆರುತ್ತದೆ. ಜನ ಮನೆಗೆ ಹೋಗುತ್ತಾರೆ. ಸುಟ್ಟ ಮನೆಯ ಮುಂದೆ ಒಬ್ಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ನಿಂತಿರುತ್ತಾಳೆ. ಮುಂದೆ ಏನು? ಯಾರನ್ನು ಕೇಳಬೇಕು? ಏನು ಬರೆಯಬೇಕು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಮೊದಲು ಜೀವ

ಬೆಂಕಿ ಕಂಡ ಕೂಡಲೇ 112ಕ್ಕೆ ಫೋನ್ ಮಾಡಿರಿ. 101 ಅಗ್ನಿಶಾಮಕ ಠಾಣೆಯ ನಂಬರು. ಊರಿನ ಹೆಸರು, ಹತ್ತಿರದ ದೊಡ್ಡ ಊರು, ಗುಡಿ ಅಥವಾ ಶಾಲೆಯ ಗುರುತು ಹೇಳಿರಿ. ಬೆಂಕಿ ಆರಿಸುವ ಗಾಡಿ ತಾಲೂಕಿನಿಂದ ಬರಬೇಕು. ದೂರದ ಹಳ್ಳಿಗೆ ಹೊತ್ತು ಹಿಡಿಯುತ್ತದೆ. ಅಲ್ಲಿವರೆಗೆ ಕೂಸುಗಳು, ಮುದುಕರು, ದನಕರು ಹೊರಗೆ ಬರಲಿ. ಹಗ್ಗ ಬಿಚ್ಚಲು ಆಗದಿದ್ದರೆ ಕುಡಗೋಲಿನಿಂದ ಕೊಯ್ಯಿರಿ. ಪೆಟ್ಟಿಗೆ ತರಲು ಒಳಗೆ ಹೋಗಬೇಡಿರಿ. ಪೆಟ್ಟಿಗೆ ಮತ್ತೆ ಬರುತ್ತದೆ. ಜೀವ ಬರುವುದಿಲ್ಲ.

ಮೈ ಸುಟ್ಟರೆ 20 ನಿಮಿಷ ತಣ್ಣೀರು ಹಾಕಿರಿ. ಪೇಸ್ಟು, ಮಸಿ, ಎಣ್ಣೆ ಹಚ್ಚಬೇಡಿರಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆಸ್ಪತ್ರೆಯಲ್ಲಿ ಕೊಟ್ಟ ಎಲ್ಲ ಚೀಟಿ ಜೋಪಾನ ಮಾಡಿರಿ.

ಬೂದಿ ಗುಡಿಸಬೇಡಿರಿ

ನಾವು ಹೆಣ್ಣುಮಕ್ಕಳು. ಕಸ ಕಂಡರೆ ಕೈ ಸುಮ್ಮನಿರುವುದಿಲ್ಲ. ಬೆಂಕಿ ಆರಿದ ಕೂಡಲೇ ಗುಡಿಸಲು ಹೋಗುತ್ತೇವೆ. ಇಲ್ಲಿ ಸ್ವಲ್ಪ ತಡೆಯಬೇಕು. ಈ ಇಬ್ಬರ ಮಾತು ಕೇಳಿರಿ.

“ಯಕ್ಕಾ, ಎಲ್ಲಾ ಸುಟ್ಟು ಬೂದಿ ಆತು. ಹೊತ್ತು ಮುಣಗೋದ್ರೊಳಗ ಬೂದಿ ತಗದು ನೆಲ ಸಾರಸ್ತೀನಿ. ಮಕ್ಕಳು ಎಲ್ಲಿ ಮಕ್ಕೋಬೇಕು?”

“ತಡಿ ತಂಗಿ. ಮಕ್ಕಳು ನಮ್ಮ ಮನ್ಯಾಗ ಮಕ್ಕೊಳ್ಳಿ. ಬೂದಿ ಮುಟ್ಟಬ್ಯಾಡ.”

“ಯಾಕ?”

“ಆ ಬೂದಿನ ನಿನ್ನ ಸಾಕ್ಷಿ. ಸಾಹೇಬ್ರು ಬಂದು ನೋಡ್ಲಿ. ಬರಕೊಳ್ಳಿ. ಆಮ್ಯಾಲೆ ಗುಡಿಸೋಣು. ನಾನೂ ಬರ್ತೀನಿ.”

ಅಕ್ಕ ಹೇಳಿದ ಮಾತು ಸರಿ. ಏನು ಸುಟ್ಟಿತು, ಎಷ್ಟು ಸುಟ್ಟಿತು ಎಂದು ಅಧಿಕಾರಿಗಳು ಕಣ್ಣಾರೆ ನೋಡಬೇಕು. ನೋಡಿ ಬರೆದ ಕಾಗದಕ್ಕೆ ಪಂಚನಾಮೆ ಎನ್ನುತ್ತಾರೆ. ಮಹಜರು ಎಂದೂ ಕರೆಯುತ್ತಾರೆ. ಪಂಚನಾಮೆ ಇದ್ದರೆ ಪರಿಹಾರದ ದಾರಿ ತೆರೆಯುತ್ತದೆ. ಅದು ಇಲ್ಲದಿದ್ದರೆ ಮುಂದಿನ ಪ್ರತಿ ಕೆಲಸವೂ ಕಷ್ಟ.

ಯಾರ ಹತ್ತಿರವಾದರೂ ಕ್ಯಾಮೆರಾ ಇರುವ ಫೋನ್ ಇದ್ದರೆ ಫೋಟೋ ತೆಗೆಸಿರಿ. ಮನೆ, ಸುಟ್ಟ ಜಂತಿ, ಕಾಳಿನ ಚೀಲ, ಪಾತ್ರೆ, ಸತ್ತ ದನ ಎಲ್ಲವೂ ಫೋಟೋದಲ್ಲಿ ಬರಲಿ. ಮನೆಯವರೂ ಫೋಟೋದಲ್ಲಿ ನಿಲ್ಲಲಿ.

ಯಾರಿಗೆ ತಿಳಿಸಬೇಕು?

ಆ ದಿನವೇ ತಿಳಿಸಿರಿ. ತಪ್ಪಿದರೆ ಮರುದಿನ.

1. ಗ್ರಾಮ ಆಡಳಿತ ಅಧಿಕಾರಿ. ಮೊದಲು ಇವರಿಗೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಊರಲ್ಲಿ ತಲಾಟಿ ಎನ್ನುವವರೂ ಇದ್ದಾರೆ. ಪಂಚನಾಮೆಗೆ ಬರುವವರು ಇವರೇ.

2. ಗ್ರಾಮ ಪಂಚಾಯಿತಿಯ ಪಿಡಿಓ ಮತ್ತು ನಿಮ್ಮ ವಾರ್ಡಿನ ಮೆಂಬರು.

3. ಪೊಲೀಸ್ ಠಾಣೆ. ದೂರು ಕೊಟ್ಟು ಅದರ ನಕಲು ಕೇಳಿರಿ. ವಿಮೆಗೆ ಇದು ಬೇಕಾಗುತ್ತದೆ.

4. ದನ, ಕುರಿ ಸತ್ತಿದ್ದರೆ ಪಶು ಆಸ್ಪತ್ರೆಯ ಡಾಕ್ಟರು. ಅವರು ಬಂದು ನೋಡುವ ತನಕ ಹೂಳಬೇಡಿರಿ.

ಗಂಡ ಗುಳೆ ಹೋಗಿದ್ದಾನೆ, ಮನೆ ಅವನ ಹೆಸರಿಗೆ ಇದೆ ಎಂದು ಕಾಯಬೇಡಿರಿ. ಬೆಂಗಳೂರಿನಿಂದ, ಗೋವಾದಿಂದ ಅವನು ಬರುವ ತನಕ ಬೂದಿ ಗಾಳಿಗೆ ಹಾರಿ ಹೋಗುತ್ತದೆ. ತಿಳಿಸಲು ನೀವೇ ಸಾಕು.

ಓದಿ ಸಹಿ ಮಾಡಿರಿ

ಪಂಚನಾಮೆ ಬರೆದಾಯಿತು. ಕಾಗದ ನಿಮ್ಮ ಮುಂದೆ ಬಂತು.

“ಇಲ್ಲಿ ಹೆಬ್ಬಟ್ಟು ಒತ್ತವಾ.”

“ಸಾಹೇಬ್ರ, ನನಗ ಓದಾಕ ಬರ್ತೈತ್ರಿ. ಓದಿ ಸಹಿ ಮಾಡ್ತೀನ್ರಿ.”

ಈ ಮಾತು ಹೇಳಲು ಅಂಜಬೇಡಿರಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 57 ಜನಕ್ಕೆ ಮಾತ್ರ ಓದು ಬರುತ್ತಿತ್ತು. ಹೀಗಾಗಿ ಎಷ್ಟೋ ಜನ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬಟ್ಟು ಒತ್ತಿದರು. ನೀವು ಈಗ ಅಕ್ಷರ ಕಲಿತಿದ್ದೀರಿ. ಅದು ಇಂಥ ಹೊತ್ತಿಗೇ ಬೇಕು. ನಿಧಾನವಾಗಿ ಓದಿರಿ. ತಿಳಿಯದ ಮಾತು ಕೇಳಿರಿ.

ಮುಖ್ಯವಾಗಿ ಈ ಎರಡು ಜಾಗ ನೋಡಿರಿ.

ಮೊದಲನೆಯದು: “ಪೂರ್ಣ ಹಾನಿ” ಎಂದಿದೆಯೋ “ಭಾಗಶಃ ಹಾನಿ” ಎಂದಿದೆಯೋ? ಪೂರ್ಣ ಎಂದರೆ ಎಲ್ಲಾ. ಭಾಗಶಃ ಎಂದರೆ ಸ್ವಲ್ಪ ಭಾಗ.

ಎರಡನೆಯದು: “ಮನೆ” ಎಂದಿದೆಯೋ “ಗುಡಿಸಲು” ಎಂದಿದೆಯೋ? ಮಣ್ಣಿನ ಗೋಡೆ, ಮ್ಯಾಲೆ ಮಾಳಿಗೆ ಇದ್ದರೆ ಅದು ಕಚ್ಚಾ ಮನೆ. ಸೊಪ್ಪಿ, ಗರಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಗುಡಿಸಲು.

ಒಂದು ಮಾತಿನ ಫರಕು ಎಷ್ಟು ಎಂದು ಮುಂದೆ ನೋಡಿರಿ. ಇದ್ದದ್ದನ್ನು ಇದ್ದಂತೆ ಬರೆಸಿರಿ. ಹೆಚ್ಚು ಬರೆಸಬೇಡಿರಿ. ಕಡಿಮೆಯೂ ಬರೆಸಬೇಡಿರಿ. ಎರಡು ಎಮ್ಮೆ ಸತ್ತಿದ್ದರೆ ಎರಡು ಎಂದೇ ಇರಬೇಕು.

ಸರ್ಕಾರದಿಂದ ಎಷ್ಟು ಬರುತ್ತದೆ?

2005ರಲ್ಲಿ ದೇಶದಲ್ಲಿ ವಿಪತ್ತು ನಿರ್ವಹಣಾ ಕಾನೂನು ಬಂತು. ಪ್ರತಿ ರಾಜ್ಯದಲ್ಲಿ ರಾಜ್ಯ ವಿಪತ್ತು ಪರಿಹಾರ ನಿಧಿ ಇದೆ. ನೆರೆ, ಬರ, ಆಲಿಕಲ್ಲು ಮಳೆಯಂತೆ ಬೆಂಕಿಯೂ ಅದರ ಪಟ್ಟಿಯಲ್ಲಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ನೆರೆ ಬಂದರೆ ಮಾತ್ರ ಪರಿಹಾರ ಎಂದುಕೊಳ್ಳುತ್ತಾರೆ.

2022ರಿಂದ 2026ರ ಅವಧಿಗೆ ಗೊತ್ತು ಮಾಡಿದ ದರ ಹೀಗಿತ್ತು:

ಮನೆ ಪೂರ್ಣ ಹಾನಿ – 1,20,000 ರೂಪಾಯಿ
ಕಚ್ಚಾ ಮನೆ ಭಾಗಶಃ ಹಾನಿ – 4,000 ರೂಪಾಯಿ
ಪಕ್ಕಾ ಮನೆ ಭಾಗಶಃ ಹಾನಿ – 6,500 ರೂಪಾಯಿ
ಗುಡಿಸಲು – 8,000 ರೂಪಾಯಿ
ಮನೆಗೆ ಹೊಂದಿದ ದನದ ಕೊಟ್ಟಿಗೆ – 3,000 ರೂಪಾಯಿ
ಮನೆ ಪೂರ್ಣ ಹೋದ ಕುಟುಂಬಕ್ಕೆ ಬಟ್ಟೆಗೆ 2,500, ಪಾತ್ರೆ ಪಡಗಕ್ಕೆ 2,500 ರೂಪಾಯಿ
ಹಾಲು ಕೊಡುವ ಎಮ್ಮೆ, ಆಕಳು – 37,500 ರೂಪಾಯಿ
ಎತ್ತು – 32,000 ರೂಪಾಯಿ
ಕುರಿ, ಆಡು – 4,000 ರೂಪಾಯಿ
ಜೀವ ಹೋದರೆ ಆ ಕುಟುಂಬಕ್ಕೆ – 4 ಲಕ್ಷ ರೂಪಾಯಿ

ಈಗ ತಿಳಿಯಿತೇ? “ಪೂರ್ಣ” ಎಂಬ ಮಾತಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. “ಭಾಗಶಃ” ಎಂಬ ಮಾತಿಗೆ ನಾಲ್ಕು ಸಾವಿರ. ಓದು ಬರುವುದಕ್ಕೆ ಇಷ್ಟು ಬೆಲೆ ಇದೆ.

ಎಷ್ಟು ದನಕ್ಕೆ ಕೊಡುತ್ತಾರೆ ಎಂಬುದಕ್ಕೆ ಮಿತಿ ಇದೆ. ದರವೂ ಆಗಾಗ ಬದಲಾಗುತ್ತದೆ. “ಈಗಿನ ದರ ಎಷ್ಟ್ರಿ?” ಎಂದು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿರಿ. ಕೇಳುವುದು ಭಿಕ್ಷೆ ಅಲ್ಲ, ನಮ್ಮ ಹಕ್ಕು.

ಬಣವಿ ಸುಟ್ಟರೆ?

ಬಣವಿ ಸುಟ್ಟರೆ ವರ್ಷದ ಮೇವು ಹೋದಂತೆ. ಮೇವು ಇಲ್ಲದೆ ದನ ಮಾರುವ ಗತಿ ಬರುತ್ತದೆ. ಹುಲ್ಲಿನ ಬಣವಿ ಆಕಸ್ಮಿಕ ಬೆಂಕಿಗೆ ಸುಟ್ಟರೆ ಕೃಷಿ ಇಲಾಖೆಯಿಂದ 20,000 ರೂಪಾಯಿವರೆಗೆ ನೆರವು ಇದೆ. ಇದರ ಅರ್ಜಿ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬೇಕು. ಹೊಲದ ಪಹಣಿ, ಪಂಚನಾಮೆ, ಫೋಟೋ ಜೊತೆಗೆ ಇರಲಿ.

ಕುರಿ, ಆಡು, ದನ ಆಕಸ್ಮಿಕವಾಗಿ ಸತ್ತರೆ ಪಶುಪಾಲನಾ ಇಲಾಖೆಯ ಅನುಗ್ರಹ ಯೋಜನೆಯೂ ಇದೆ. ಪಶು ಡಾಕ್ಟರನ್ನು ಕೇಳಿರಿ. ದನಕ್ಕೆ ವಿಮೆ ಮಾಡಿಸಿದ್ದರೆ ಕಿವಿಯ ಓಲೆ ತೆಗೆದು ಬಿಸಾಡಬೇಡಿರಿ. ವಿಮೆಯವರು ಅದರ ನಂಬರು ಕೇಳುತ್ತಾರೆ.

ಕರೆಂಟಿನಿಂದ, ಗ್ಯಾಸಿನಿಂದ ಬೆಂಕಿ ಬಿದ್ದರೆ?

ಕರೆಂಟಿನ ತಂತಿ ಹರಿದು, ತಂತಿಗೆ ತಂತಿ ತಾಗಿ ಕಿಡಿ ಬಿದ್ದರೆ 1912ಕ್ಕೆ ಫೋನ್ ಮಾಡಿರಿ. ನಮ್ಮ ಜಿಲ್ಲೆಗೆ ಕರೆಂಟು ಕೊಡುವುದು ಜೆಸ್ಕಾಂ. ಹತ್ತಿರದ ಜೆಸ್ಕಾಂ ಸೆಕ್ಷನ್ ಆಫೀಸಿಗೆ ಬೇರೆ ಅರ್ಜಿ ಕೊಡಿರಿ. ಬೆಂಕಿ ತಂತಿಯಿಂದಲೇ ಬಿದ್ದಿತೇ ಎಂದು ವಿದ್ಯುತ್ ಪರಿವೀಕ್ಷಕರು ನೋಡುತ್ತಾರೆ. ಹರಿದ ತಂತಿಯ ಫೋಟೋ ದೂರದಿಂದ ತೆಗೆಸಿರಿ. ತಂತಿ ಮುಟ್ಟಬೇಡಿರಿ.

ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಬಿದ್ದರೆ ಗ್ಯಾಸ್ ಏಜೆನ್ಸಿಗೆ ಕೂಡಲೇ ಬರೆದು ಕೊಡಿರಿ. ಗ್ಯಾಸ್ ಸೋರಿದರೆ 1906ಕ್ಕೆ ಫೋನ್ ಮಾಡಿರಿ. ಗ್ಯಾಸ್ ಕಂಪನಿಗಳು ತಾವೇ ವಿಮೆ ಮಾಡಿಸಿರುತ್ತವೆ. ಅದಕ್ಕೆ ನಾವು ಬೇರೆ ಹಣ ಕಟ್ಟಬೇಕಿಲ್ಲ. ಗ್ಯಾಸ್ ಪುಸ್ತಕದಲ್ಲಿ ಇರುವ ವಿಳಾಸದ ಮನೆಯಲ್ಲೇ ಅವಘಡ ಆಗಿರಬೇಕು. ಮನೆ ಹಾನಿಗೆ 2 ಲಕ್ಷದವರೆಗೆ, ಜೀವ ಹೋದರೆ 6 ಲಕ್ಷದವರೆಗೆ ಈ ವಿಮೆಯಲ್ಲಿ ಇದೆ.

ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಸುರಕ್ಷಾ ಬಿಮಾ ಇದೆ. ಅವಘಡದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಬರುತ್ತದೆ. ನಿಮ್ಮ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದೆಯೇ? ತೆಗೆದು ಓದಿ ನೋಡಿರಿ.

ಅರ್ಜಿ ಬರೆಯುವುದು ಹೀಗೆ

ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ದೊಡ್ಡ ಮಾತು ಬೇಡ. ಬಿಳಿ ಹಾಳೆ, ಪೆನ್ನು ಸಾಕು.

ಇವರಿಗೆ,
ಮಾನ್ಯ ತಹಸೀಲ್ದಾರರು,
ಯಲಬುರ್ಗಾ ತಾಲೂಕು, ಕೊಪ್ಪಳ ಜಿಲ್ಲೆ.

ವಿಷಯ: ಬೆಂಕಿಯಿಂದ ಆದ ಹಾನಿಗೆ ಪರಿಹಾರ ಕೇಳಿ ಅರ್ಜಿ.

ಮಾನ್ಯರೇ,
ನನ್ನ ಹೆಸರು .......... ಊರು .......... ದಿನಾಂಕ .......... ರಂದು .......... ಗಂಟೆಗೆ ನಮ್ಮ ಮನೆಗೆ ಬೆಂಕಿ ಬಿದ್ದಿದೆ. ಮನೆ ಪೂರ್ಣ ಸುಟ್ಟಿದೆ. ಮನೆಯಲ್ಲಿದ್ದ ಜೋಳ ..... ಚೀಲ, ಬಟ್ಟೆ, ಪಾತ್ರೆ ಸುಟ್ಟಿವೆ. ಎಮ್ಮೆ ..... ಸತ್ತಿವೆ. ನಮ್ಮ ಮನೆಯಲ್ಲಿ ..... ಜನ ಇದ್ದೇವೆ. ಸ್ಥಳಕ್ಕೆ ಬಂದು ಪಂಚನಾಮೆ ಮಾಡಿಸಿ ಪರಿಹಾರ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ, ಸಹಿ ..........

ಅರ್ಜಿಯ ಎರಡು ಪ್ರತಿ ಮಾಡಿರಿ. ಒಂದು ಕಚೇರಿಗೆ. ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿರಿ. ಸೀಲು ಇಲ್ಲದೆ ಮನೆಗೆ ಬರಬೇಡಿರಿ. ನಾಳೆ “ಅರ್ಜಿನೇ ಬಂದಿಲ್ಲ” ಎಂದರೆ ಆ ಸೀಲೇ ಉತ್ತರ.

ಪರಿಹಾರದ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. “ನಾನ್ ಮಾಡಿಸಿ ಕೊಡ್ತೀನಿ, ಇಷ್ಟು ಕೊಡು” ಎನ್ನುವವರನ್ನು ನಂಬಬೇಡಿರಿ. ಫೋನಿನಲ್ಲಿ ಬಂದ ಓಟಿಪಿ ನಂಬರು ಯಾರಿಗೂ ಹೇಳಬೇಡಿರಿ.

ಸುಟ್ಟ ಕಾಗದ, ಸುಟ್ಟ ನೋಟು

“ರೇಷನ್ ಕಾರ್ಡು ಸುಟ್ಟೈತಿ. ಆಧಾರ್ ಸುಟ್ಟೈತಿ. ಇನ್ನ ನಾ ಯಾರು ಅಂತ ಹೆಂಗ ತೋರಸ್ಲಿ?”

ಕಾಗದ ಸುಟ್ಟರೂ ನಿಮ್ಮ ಹೆಸರು ಸುಡುವುದಿಲ್ಲ. ಆಧಾರ್ ನಂಬರು, ಬೆರಳಿನ ಗುರುತು ಕಂಪ್ಯೂಟರಿನಲ್ಲಿ ಇರುತ್ತವೆ. ಆಧಾರ್ ಕೇಂದ್ರದಲ್ಲಿ ಕೇಳಿದರೆ ಹೊಸ ಪ್ರತಿ ಸಿಗುತ್ತದೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ. ಪಾಸ್‌ಬುಕ್ ಬ್ಯಾಂಕಿನಲ್ಲಿ ಸಿಗುತ್ತದೆ. ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಶಾಲೆಯ ಹೆಡ್ ಮಾಸ್ತರರನ್ನು ಕೇಳಿರಿ. ಪೊಲೀಸ್ ದೂರಿನ ನಕಲು ಇದ್ದರೆ ಈ ಕೆಲಸ ಹಗುರ.

ಡಬ್ಬಿಯಲ್ಲಿ ಇಟ್ಟ ನೋಟು ಸುಟ್ಟಿವೆಯೇ? ಬಿಸಾಡಬೇಡಿರಿ. ಅಂಚು ಸ್ವಲ್ಪ ಸುಟ್ಟಿದ್ದರೆ ಬ್ಯಾಂಕಿನಲ್ಲಿ ತೋರಿಸಿರಿ. ಪೂರ್ತಿ ಕರಕಾಗಿ ಮುಟ್ಟಿದರೆ ಉದುರುವಂತೆ ಇದ್ದರೆ ಊರ ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅದನ್ನು ರಿಸರ್ವ್ ಬ್ಯಾಂಕಿಗೇ ಕೊಡಬೇಕು. ಅದರ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ನೋಡಿ ಎಷ್ಟು ಕೊಡಬಹುದು ಎಂದು ಗೊತ್ತು ಮಾಡುತ್ತಾರೆ. ನೋಟು ಕೂಡಿಸಲು, ಉಜ್ಜಲು ಹೋಗಬೇಡಿರಿ. ಇದ್ದ ಹಾಗೆಯೇ ಒಂದು ಡಬ್ಬಿಯಲ್ಲಿ ಇಡಿರಿ.

ಊರು ಜೊತೆಗೆ ನಿಂತರೆ

ಸರ್ಕಾರದ ಹಣ ಬರಲು ದಿನ ಹಿಡಿಯುತ್ತದೆ. ಆದರೆ ಹಸಿವು ಆ ರಾತ್ರಿಯೇ ಆಗುತ್ತದೆ. ಅದಕ್ಕೆ ಊರು ಬೇಕು.

ನಮ್ಮಲ್ಲಿ ಮುಯ್ಯಿ ಪದ್ಧತಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾವು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀವು ಬರುತ್ತೀರಿ. ಮದುವೆಗೂ ಮುಯ್ಯಿ ಮಾಡುತ್ತೇವೆ. ಬೆಂಕಿ ಬಿದ್ದ ಮನೆಗೂ ಹೀಗೆಯೇ ಮಾಡೋಣ. ಒಬ್ಬರು ಜೋಳ, ಒಬ್ಬರು ಕೌದಿ, ಒಬ್ಬರು ಎರಡು ಪಾತ್ರೆ, ಒಬ್ಬರು ಒಂದು ಹೊರೆ ಮೇವು. ಕೈಯಲ್ಲಿ ಏನೂ ಇಲ್ಲದವರು ಒಂದು ದಿನ ಗೋಡೆ ಕಟ್ಟಲು ಬರಲಿ. ಅದೂ ಮುಯ್ಯಿಯೇ.

ಇದನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆಯಿರಿ. ಯಾರು ಏನು ಕೊಟ್ಟರು, ಯಾರಿಗೆ ಹೋಯಿತು. ಎರಡು ಮೂರು ಮನೆ ಸುಟ್ಟಾಗ ಗದ್ದಲ ಆಗುವುದು ಇಲ್ಲೇ. ಬಾಯಿ ಇದ್ದವರಿಗೆ ಹೆಚ್ಚು, ಸುಮ್ಮನಿದ್ದವರಿಗೆ ಕಡಿಮೆ ಆಗುತ್ತದೆ. ಒಂಟಿ ಹೆಣ್ಣುಮಕ್ಕಳು, ಬಸುರಿ, ಬಾಣಂತಿ, ಮುದುಕರು ಇರುವ ಮನೆಯ ಹೆಸರು ಮೇಲೆ ಬರೆಯಿರಿ. ಯಾವ ಓಣಿಯವರು, ಯಾವ ಜಾತಿಯವರು ಎಂದು ನೋಡಬೇಡಿರಿ. ಬೆಂಕಿ ಅದನ್ನು ನೋಡಿ ಬರಲಿಲ್ಲ.

ನೀವು ಸ್ತ್ರೀಶಕ್ತಿ ಸಂಘದಲ್ಲೋ ಸಂಜೀವಿನಿ ಸಂಘದಲ್ಲೋ ಇದ್ದೀರಾ? ಸಂಘದ ತುರ್ತು ಸಭೆ ಕರೆಯಿರಿ. ಉಳಿತಾಯದ ಹಣದಿಂದ ಕಡಿಮೆ ಬಡ್ಡಿಯ ಸಾಲ ಕೊಡಬಹುದು. ಸುಟ್ಟ ಮನೆಯವರ ಹಳೆಯ ಕಂತು ಮುಂದೆ ಹಾಕಬಹುದು. ಸಂಜೀವಿನಿ ಒಕ್ಕೂಟಗಳಲ್ಲಿ ಕಷ್ಟಕ್ಕೆ ಬಿದ್ದ ಸದಸ್ಯರಿಗೆಂದು ಒಂದು ನಿಧಿ ಇರುತ್ತದೆ. ಒಕ್ಕೂಟದಲ್ಲಿ ಕೇಳಿರಿ.

ಈ ಹೊತ್ತಿನಲ್ಲಿ ಮೀಟರ್ ಬಡ್ಡಿಯವರು ತಾವೇ ಮನೆ ಬಾಗಿಲಿಗೆ ಬರುತ್ತಾರೆ. ಬೆಂಕಿ ಸುಟ್ಟದ್ದು ಒಂದು ದಿನ. ಬಡ್ಡಿ ಸುಡುವುದು ವರ್ಷಗಟ್ಟಲೆ. ಮೊದಲು ಸಂಘ, ಆಮೇಲೆ ಬ್ಯಾಂಕು, ಸೊಸೈಟಿ. ಸಾಲದವರು ಮನೆಗೆ ಬಂದು ಬೈದು ಹೆದರಿಸಿದರೆ ಪೊಲೀಸರಿಗೆ ತಿಳಿಸಿರಿ. ಅದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದಿದೆ.

ಕಚೇರಿಗೆ ಒಬ್ಬರೇ ಹೋಗಬೇಡಿರಿ. ಸಂಘದ ನಾಲ್ಕು ಜನ ಕೂಡಿ ಹೋಗಿರಿ. ಒಬ್ಬಳು ಹೋದರೆ “ನಾಳೆ ಬಾ” ಎಂದಾರು. ನಾಲ್ವರು ನಿಂತರೆ ಕುರ್ಚಿ ತೋರಿಸಿಯಾರು.

ಇನ್ನೊಂದು ಮಾತು. ಎಲ್ಲ ಕಳಕೊಂಡವರಿಗೆ ನಿದ್ದೆ ಬರುವುದಿಲ್ಲ. ಅಳು ಬರುತ್ತದೆ. “ಹೋಗ್ಲಿ ಬಿಡು, ಅಳಬ್ಯಾಡ” ಎನ್ನಬೇಡಿರಿ. ಹತ್ತಿರ ಕೂತು ಕೇಳಿರಿ. ಯಾರ ಕೈ ತಪ್ಪಿ ಬೆಂಕಿ ಬಿತ್ತು ಎಂದು ಆ ಹೆಣ್ಣುಮಗಳನ್ನು ಚುಚ್ಚಬೇಡಿರಿ.

ಹಣ ಬರದಿದ್ದರೆ?

ಸೀಲು ಹಾಕಿದ ಪ್ರತಿ ತೆಗೆದುಕೊಂಡು ತಹಸೀಲ್ದಾರ್ ಕಚೇರಿಗೆ ಮತ್ತೆ ಹೋಗಿರಿ. ಅಲ್ಲಿ ಆಗದಿದ್ದರೆ ಕೊಪ್ಪಳದಲ್ಲಿ ಜಿಲ್ಲಾಧಿಕಾರಿಗಳಿಗೆ ಬರೆದು ಕೊಡಿರಿ. 1902 ಸರ್ಕಾರದ ಜನಸ್ಪಂದನ ಫೋನ್ ನಂಬರು. ಯಾರಾದರೂ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ತಿಳಿಸಿರಿ. ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ವರಮಾನ ಎಷ್ಟೇ ಇದ್ದರೂ ಸಿಗುತ್ತದೆ. ಇದು 1987ರ ಕಾನೂನು. ಇದಕ್ಕೆ 15100ಕ್ಕೆ ಫೋನ್ ಮಾಡಿರಿ.

ಗುಡ್ಡದ ಬೆಂಕಿ

ಹೊಸ ಹುಲ್ಲು ಚಿಗುರಲಿ ಎಂದು ಕೆಲವರು ಗುಡ್ಡಕ್ಕೆ ಬೆಂಕಿ ಇಡುತ್ತಾರೆ. ಆ ಬೆಂಕಿ ಗುಡ್ಡದಲ್ಲೇ ನಿಲ್ಲುವುದಿಲ್ಲ. ಕೆಳಗಿನ ಹೊಲಕ್ಕೆ, ಕುರಿ ಹಟ್ಟಿಗೆ ಇಳಿಯುತ್ತದೆ. ಕಾಡಿಗೆ ಬೆಂಕಿ ಇಡುವುದು ಅಪರಾಧ.

2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಸಾವಿರಾರು ಎಕರೆ ಸುಟ್ಟಿತು. ಅರಣ್ಯ ಇಲಾಖೆಯವರ ಜೊತೆ ನೂರಾರು ಜನ ಸೇರಿ ಆರಿಸಿದರು. ಹೆಲಿಕಾಪ್ಟರ್‌ನಿಂದಲೂ ನೀರು ಸುರಿದರು. ನಮ್ಮ ಊರ ಗುಡ್ಡಕ್ಕೆ ಹೆಲಿಕಾಪ್ಟರ್ ಬರುವುದನ್ನು ಕಾಯುತ್ತ ಕೂಡಲು ಆಗದು. ಕಿಡಿ ಬೀಳದಂತೆ ನಾವೇ ನೋಡಿಕೊಳ್ಳಬೇಕು. ಬಣವಿ ಮನೆಯಿಂದ ದೂರ ಹಾಕಿರಿ. ಕರೆಂಟಿನ ತಂತಿಯ ಕೆಳಗೆ ಹಾಕಬೇಡಿರಿ. ಒಲೆಯ ಬೂದಿಗೆ ನೀರು ಹಾಕಿ ಚೆಲ್ಲಿರಿ.

ನಿಮ್ಮ ಕಾಗದಗಳ ಜೆರಾಕ್ಸ್ ಮಾಡಿಸಿ ಒಂದು ಪ್ರತಿ ತವರು ಮನೆಯಲ್ಲೋ ನಂಬಿಕೆಯ ನೆಂಟರ ಮನೆಯಲ್ಲೋ ಇಡಿರಿ. ಈ ಕೆಲಸ ಈ ವಾರವೇ ಮಾಡಿರಿ.

ಕೂಡಿ ಮಾತಾಡಿರಿ

1. ಬೆಂಕಿ ಆರಿದ ಮೇಲೆ ಬೂದಿಯನ್ನು ಕೂಡಲೇ ಯಾಕೆ ಗುಡಿಸಬಾರದು?
2. “ಪೂರ್ಣ” ಮತ್ತು “ಭಾಗಶಃ” ಎಂಬ ಮಾತುಗಳ ಅರ್ಥ ಏನು?
3. ನಿಮ್ಮ ಊರಿನ ಗ್ರಾಮ ಆಡಳಿತ ಅಧಿಕಾರಿಯ ಫೋನ್ ನಂಬರು ನಿಮಗೆ ಗೊತ್ತೇ? ಕೇಳಿ ತಿಳಿದು ಇಲ್ಲಿ ಬರೆಯಿರಿ: ....................
4. ನಿಮ್ಮ ಓಣಿಯಲ್ಲಿ ಒಂದು ಮನೆ ಸುಟ್ಟರೆ ನಿಮ್ಮ ಸಂಘ ಮೊದಲ ದಿನ ಏನು ಮಾಡಬಹುದು?
5. ಮೇಲಿನ ಅರ್ಜಿಯನ್ನು ನಿಮ್ಮ ಕೈಯಿಂದ ಒಮ್ಮೆ ಬರೆಯಿರಿ. ಕೆಳಗೆ ನಿಮ್ಮ ಸಹಿ ಮಾಡಿರಿ.